ಆ ಕೋಟ್ಸ್ ಯಾರ ಸ್ವತ್ತು?

ಪಾಸ್‌ವರ್ಡ್‌ನಲ್ಲಿ ಇದ್ದದ್ದು 12 ಅಕ್ಷರ. ಲಾಗ್ ತೋರಿಸಿದ್ದು 14.

ಆ ಎರಡು ಅಕ್ಷರ ಹುಡುಕೋದರಲ್ಲಿ ನನ್ನ ಒಂದು ಇಡೀ ಸಂಜೆ ಹೋಯಿತು. ನಮ್ಮ ಪ್ರೋಗ್ರಾಮ್ ನನ್ನ ಲ್ಯಾಪ್‌ಟಾಪಿನಲ್ಲಿ ಡೇಟಾಬೇಸ್‌ಗೆ ಸಲೀಸಾಗಿ ಲಾಗಿನ್ ಆಗುತ್ತಿತ್ತು. ಅದೇ ಕೋಡ್, ಅದೇ ಕಾನ್ಫಿಗ್ ಫೈಲ್ (ಪ್ರೋಗ್ರಾಮಿನ ಸೆಟ್ಟಿಂಗ್ ಇರುವ ಫೈಲ್) ಸರ್ವರ್‌ನ ಕಂಟೇನರ್‌ಗೆ, ಅಂದರೆ ಪ್ರೋಗ್ರಾಮ್ ಪ್ರತ್ಯೇಕವಾಗಿ ಓಡುವ ಡಬ್ಬಿಗೆ ಹಾಕಿದರೆ 'ಪಾಸ್‌ವರ್ಡ್ ತಪ್ಪು'. ಡೇಟಾಬೇಸ್ ನೋಡಿಕೊಳ್ಳುವ ಗೆಳೆಯನಿಗೆ ಫೋನ್ ಮಾಡಿದೆ. "ನಮ್ ಕಡೆ ಎಲ್ಲಾ ಸರಿ ಇದೆ ಗುರೂ, ನೀನೇ ಏನೋ ತಪ್ಪು ಟೈಪ್ ಮಾಡಿದೀಯ ನೋಡು" ಅಂದ. ನಾನು ಟೈಪೇ ಮಾಡಿರಲಿಲ್ಲ. ಅವನು ಕಳಿಸಿದ್ದನ್ನೇ ಕಾಪಿ ಮಾಡಿ ಅಂಟಿಸಿದ್ದೆ. ಆಮೇಲೆ ನೆಟ್‌ವರ್ಕ್ ಮೇಲೆ ಅನುಮಾನ ಪಟ್ಟೆವು, ಫೈರ್‌ವಾಲ್ ಮೇಲೆ ಪಟ್ಟೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಕೊನೆಗೆ ಪಾಸ್‌ವರ್ಡ್ ಬಿಟ್ಟು ಅದರ ಉದ್ದವನ್ನಷ್ಟೇ ಲಾಗ್‌ಗೆ ಬರೆಸಿದೆ. 14 ಅಂತ ಬಂತು.

ಫೈಲಿನಲ್ಲಿದ್ದ ಸಾಲಿನ ಆಕಾರ ಹೀಗಿತ್ತು. ಅಸಲಿ ಗುಟ್ಟು ಬೇರೆ ಬಿಡಿ.

ಗುಟ್ಟು="ಮಾವು&ಬೇವು42"

ಕೋಟ್ಸ್, ಅಂದರೆ ಆ ಉದ್ಧರಣ ಚಿಹ್ನೆ, ಹಾಕಿದವನು ನಾನೇ. ಕಾರಣ ಆ & ಗುರುತು. ಲ್ಯಾಪ್‌ಟಾಪಿನಲ್ಲಿ ಈ ಫೈಲನ್ನು ಶೆಲ್, ಅಂದರೆ ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಮ್, ಓದುತ್ತಿತ್ತು. ಕೋಟ್ಸ್ ಇಲ್ಲದೆ & ಕಂಡರೆ ಶೆಲ್ 'ಇಲ್ಲಿವರೆಗಿನದನ್ನು ಹಿನ್ನೆಲೆಯಲ್ಲಿ ಓಡಿಸು' ಅಂತ ತಿಳಿಯುತ್ತದೆ. ಹಾಗಾಗಿ ಕೋಟ್ಸ್ ಬೇಕೇ ಬೇಕು. ಶೆಲ್ ಅವನ್ನು ಸುಲಿದು ಒಳಗಿನದನ್ನು ಮಾತ್ರ ಕೊಡುತ್ತದೆ. ಸರ್ವರ್‌ನಲ್ಲಿ ಇದೇ ಫೈಲನ್ನು ಓದುತ್ತಿದ್ದದ್ದು ಶೆಲ್ ಅಲ್ಲ, ಕಂಟೇನರ್ ಓಡಿಸುವ ಕಮಾಂಡ್. ಅದರ ಮಟ್ಟಿಗೆ = ಆದಮೇಲೆ ಇರುವುದೆಲ್ಲ ವ್ಯಾಲ್ಯೂ. ಕೋಟ್ಸ್ ಕೂಡ ವ್ಯಾಲ್ಯೂ. ಹಾಗೆ ಎರಡು ಅಕ್ಷರ ಜಾಸ್ತಿಯಾಯಿತು.

ಯಾರದೂ ತಪ್ಪಲ್ಲ ನೋಡಿ. ಎರಡೂ ಓದುಗರು ತಮ್ಮ ತಮ್ಮ ನಿಯಮ ಪಾಲಿಸಿದ್ದಾರೆ. ಆ ನಿಯಮ ಮಾತ್ರ ಫೈಲಿನೊಳಗೆ ಎಲ್ಲೂ ಬರೆದಿರುವುದಿಲ್ಲ. ಕೋಟ್ಸ್ ಫೈಲಿಗೆ ಸೇರಿದ್ದಾ, ವ್ಯಾಲ್ಯೂಗೆ ಸೇರಿದ್ದಾ ಅನ್ನೋದನ್ನು ಓದುವ ಪ್ರೋಗ್ರಾಮ್ ತೀರ್ಮಾನ ಮಾಡುತ್ತದೆ. ಬರೆದವನಿಗೆ ಆ ತೀರ್ಮಾನ ಗೊತ್ತಿರಲೇಬೇಕು ಅಂತೇನಿಲ್ಲ.

ಕನ್ನಡದಲ್ಲಿ ನಮಗೆ ಈ ಕಷ್ಟ ಅಷ್ಟಾಗಿ ಇಲ್ಲ. 'ನಾಳೆ ಬರ್ತೀನಿ ಅಂತ ಹೇಳಿದಳು' ಅಂದರೆ ಅವಳ ಮಾತು ಎಲ್ಲಿ ಮುಗಿಯಿತು ಅಂತ ಕಿವಿಗೇ ಗೊತ್ತಾಗುತ್ತದೆ. 'ಅಂತ' ಅನ್ನೋ ಪದವೇ ಬೇಲಿ. ಆ ಪದವನ್ನು ಅವಳ ಬಾಯಿಗೆ ಯಾರೂ ಹಾಕುವುದಿಲ್ಲ. ಕಾನ್ಫಿಗ್ ಫೈಲಿನಲ್ಲಿ ಕೋಟ್ಸ್ ಮಾಡಬೇಕಾದ ಕೆಲಸವೂ ಅದೇ, ಬೇಲಿ ಕೆಲಸ. ಕೆಲವು ಪಾರ್ಸರ್‌ಗಳು (ಫೈಲ್ ಓದಿ ಬಿಡಿಸುವ ಪ್ರೋಗ್ರಾಮ್‌ಗಳು) ಮಾತ್ರ ಬೇಲಿಯನ್ನೂ ಬೆಳೆಯ ಜೊತೆ ಕೊಯ್ದು ತರುತ್ತವೆ.

ಒಂದೇ ಸಾಲನ್ನು ನಾಲ್ಕು ಕಡೆ ಕೊಟ್ಟು ನೋಡೋಣ. ಎಡಗಡೆಯ ಹೆಸರು ಇಂಗ್ಲಿಷಿನಲ್ಲಿದೆ ಅಂತ ಅಂದುಕೊಳ್ಳಿ, ಯಾಕೆಂದರೆ ಟಾಮಲ್ (ಕಾನ್ಫಿಗ್ ಬರೆಯುವ ಒಂದು ಶೈಲಿ) ಮತ್ತು ಗಿಟ್ (ಕೋಡ್‌ನ ಬದಲಾವಣೆ ಕಾಪಿಡುವ ಸಾಧನ) ಎರಡೂ ಅಲ್ಲಿ ಕೋಟ್ಸ್ ಇಲ್ಲದ ಕನ್ನಡವನ್ನು ಒಪ್ಪುವುದಿಲ್ಲ.

ಹೆಸರು = "ನಮ್ಮ ಅಂಗಡಿ"  # ಜಯನಗರ

ಟಾಮಲ್ ಇದನ್ನು 'ನಮ್ಮ ಅಂಗಡಿ' ಅಂತ ಓದುತ್ತದೆ. ಕೋಟ್ಸ್ ಹೋಯಿತು, ಕಾಮೆಂಟ್ (# ಆದಮೇಲಿನ ಟಿಪ್ಪಣಿ) ಹೋಯಿತು, = ಅಕ್ಕಪಕ್ಕದ ಸ್ಪೇಸ್ ಕೂಡ ಹೋಯಿತು. ಗಿಟ್ ಕೂಡ ಹಾಗೇ. ಪೈಥಾನ್ ಭಾಷೆಯ ಜೊತೆ ಬರುವ ಕಾನ್ಫಿಗ್‌ಪಾರ್ಸರ್ ಎರಡು ತುದಿಯ ಸ್ಪೇಸ್ ಮಾತ್ರ ಕತ್ತರಿಸುತ್ತದೆ. ಕೋಟ್ಸ್ ಹಾಗೇ ಉಳಿಯುತ್ತದೆ. ನಾವೇ ಹೇಳದಿದ್ದರೆ # ಜಯನಗರ ಕೂಡ ವ್ಯಾಲ್ಯೂ ಒಳಗೇ ಬರುತ್ತದೆ. ಸಾಲಿನ ನಡುವಿನ ಕಾಮೆಂಟನ್ನು ಪೈಥಾನ್ 3.2ರಿಂದ ಅದು ತಾನಾಗಿ ಗುರುತಿಸುವುದಿಲ್ಲ. ಇನ್ನು ಶೆಲ್‌ಗೆ ಕೊಟ್ಟರೆ ಓದುವುದೇ ಇಲ್ಲ. = ಅಕ್ಕಪಕ್ಕ ಸ್ಪೇಸ್ ಇದೆ ಅಲ್ವಾ, ಹಾಗಾಗಿ 'ಹೆಸರು' ಅನ್ನೋ ಕಮಾಂಡ್ ಎಲ್ಲೂ ಸಿಗಲಿಲ್ಲ ಅಂತ ಬೈಯುತ್ತದೆ.

ಜಾವಾದ ಪ್ರಾಪರ್ಟೀಸ್ ಫೈಲ್ ಇನ್ನೊಂದು ಥರ. ಅಲ್ಲಿ ಕೋಟ್ಸ್‌ಗೆ ಯಾವ ವಿಶೇಷ ಅರ್ಥವೂ ಇಲ್ಲ, ಅವು ಸುಮ್ನೆ ಅಕ್ಷರ. ವ್ಯಾಲ್ಯೂ ಶುರುವಿನ ಸ್ಪೇಸ್ ಹೋಗುತ್ತದೆ, ಕೊನೆಯದು ಉಳಿಯುತ್ತದೆ. ಹೌದು, ಒಂದು ತುದಿಗೆ ಒಂದು ನ್ಯಾಯ, ಇನ್ನೊಂದು ತುದಿಗೆ ಇನ್ನೊಂದು. ಸಾಲಿನ ಕೊನೆಯಲ್ಲಿ ಕೈ ತಪ್ಪಿ ಒಂದು ಸ್ಪೇಸ್ ಒತ್ತಿದರೆ ಪಾಸ್‌ವರ್ಡ್ ಕೆಟ್ಟಿತು, ಕಣ್ಣಿಗೆ ಕಾಣುವುದೂ ಇಲ್ಲ. ವಿಂಡೋಸ್‌ನ ಹಳೆಯ ಐಎನ್‌ಐ ಫೈಲ್ ಓದುವ ಫಂಕ್ಷನ್ ವ್ಯಾಲ್ಯೂ ಸುತ್ತ ಸಿಂಗಲ್ ಅಥವಾ ಡಬಲ್ ಕೋಟ್ಸ್ ಜೋಡಿ ಇದ್ದರೆ ತೆಗೆದುಬಿಡುತ್ತದೆ. ಪೈಥಾನ್ ತೆಗೆಯುವುದಿಲ್ಲ. ಎರಡರ ಫೈಲಿಗೂ ಜನ ಐಎನ್‌ಐ ಅಂತಲೇ ಕರೆಯುತ್ತಾರೆ. ಐಎನ್‌ಐ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಒಂದು ನಿಯಮಾವಳಿ ಇಲ್ಲದಿರುವುದರ ಫಲ ಇದು.

ವಿಂಡೋಸ್ ಬ್ಯಾಚ್ ಫೈಲ್ ಬರೆದವರಿಗೆ ಇನ್ನೊಂದು ತಮಾಷೆ ಗೊತ್ತಿರುತ್ತದೆ. ಅಲ್ಲಿ ಸೆಟ್ ಕಮಾಂಡ್ ಕೊಡುವಾಗ = ಮುಂಚೆ ಸ್ಪೇಸ್ ಬಿಟ್ಟರೆ ಆ ಸ್ಪೇಸ್ ವೇರಿಯಬಲ್‌ನ ಹೆಸರಿಗೇ ಅಂಟಿಕೊಳ್ಳುತ್ತದೆ. ನೀವು 'ಊರು' ಅಂತ ಹುಡುಕುತ್ತೀರಿ, ಇರುವುದು 'ಊರು ' ಅಂತ. ಇದಕ್ಕೆ ಹಳಬರು ಮಾಡುವ ಉಪಾಯ ಅಂದರೆ ಹೆಸರು, =, ವ್ಯಾಲ್ಯೂ ಮೂರನ್ನೂ ಒಟ್ಟಿಗೆ ಒಂದೇ ಜೋಡಿ ಕೋಟ್ಸ್ ಒಳಗೆ ಹಾಕೋದು.

ಇಷ್ಟರವರೆಗೆ ಇದು ತಲೆನೋವು ಮಾತ್ರ. 2025ರ ಜುಲೈನಲ್ಲಿ ಇದು ಎಲ್ಲರೂ ಬಳಸುವ ಒಂದು ಸಾಧನದಲ್ಲಿ ಭದ್ರತೆಯ ತೂತಾಗಿ ಹೊರಬಂತು. ಗಿಟ್‌ನಲ್ಲಿ. ಗುರುತಿನ ಸಂಖ್ಯೆ ಸಿವಿಇ-2025-48384. ಕೋಟ್ಸ್ ವಿಚಾರ ಚಿಲ್ಲರೆ ಅಂದುಕೊಂಡವರು ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಒಂದು ಅಕ್ಷರದ ಪರಿಚಯ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವರಿಗೆ ನೆನಪಿರಬಹುದು. ಸಾಲು ಮುಗಿಯುವ ಹೊತ್ತಿಗೆ ಟಿಣ್ ಅಂತ ಗಂಟೆ, ಆಮೇಲೆ ಎಡಗೈಯಿಂದ ಲಿವರ್ ತಳ್ಳಿ ಕ್ಯಾರೇಜನ್ನು ಮೊದಲಿನ ಜಾಗಕ್ಕೆ ತರೋದು. ಅದೇ ಕ್ಯಾರೇಜ್ ರಿಟರ್ನ್. ಕಂಪ್ಯೂಟರ್‌ನಲ್ಲಿ ಅದು ಅಕ್ಷರ ಸಂಖ್ಯೆ 13. ವಿಂಡೋಸ್ ಇವತ್ತಿಗೂ ಸಾಲಿನ ಕೊನೆಗೆ 13 ಮತ್ತು 10 (ಹೊಸ ಸಾಲಿನ ಗುರುತು) ಎರಡನ್ನೂ ಹಾಕುತ್ತದೆ. ಲಿನಕ್ಸ್, ಮ್ಯಾಕ್ ಬರೀ 10 ಹಾಕುತ್ತವೆ. ಎರಡೂ ಕಡೆಯ ಫೈಲ್ ಓದಲಿ ಅಂತ ಗಿಟ್ ಕಾನ್ಫಿಗ್ ಓದುವಾಗ ಸಾಲಿನ ಕೊನೆಯಲ್ಲಿ 13, 10 ಜೊತೆಯಾಗಿ ಸಿಕ್ಕರೆ ಎರಡನ್ನೂ ಉದುರಿಸುತ್ತದೆ. ಒಳ್ಳೆಯ ಉದ್ದೇಶವೇ.

ಇನ್ನು ಬರೆಯುವ ಕಡೆ. ಗಿಟ್ ತಾನೇ ಒಂದು ವ್ಯಾಲ್ಯೂ ಬರೆಯುವಾಗ 'ಇದಕ್ಕೆ ಕೋಟ್ಸ್ ಬೇಕಾ' ಅಂತ ಪರೀಕ್ಷೆ ಮಾಡುತ್ತದೆ. ಮೊದಲಲ್ಲಿ ಸ್ಪೇಸ್ ಇದೆಯಾ? ಕೊನೆಯಲ್ಲಿ ಸ್ಪೇಸ್ ಇದೆಯಾ? ನಡುವೆ ; ಅಥವಾ # ಇದೆಯಾ? ಇದ್ದರೆ ಕೋಟ್ಸ್ ಹಾಕು. ಈ ಪಟ್ಟಿಯಲ್ಲಿ 13 ಇರಲಿಲ್ಲ. ಓದುವಾಗ ಉದುರಿಸುವ ಅಕ್ಷರವನ್ನು ಬರೆಯುವಾಗ ಕಾಪಾಡುತ್ತಿರಲಿಲ್ಲ. ಎರಡು ಕೈ ಒಂದೇ ಮೈಯದ್ದು, ಒಂದು ಮಾಡಿದ್ದು ಇನ್ನೊಂದಕ್ಕೆ ಗೊತ್ತಿಲ್ಲ.

ದಾಳಿ ಮಾಡುವವನಿಗೆ ಇಷ್ಟು ಸಂದು ಸಾಕು. ಗಿಟ್‌ನಲ್ಲಿ ಒಂದು ರೆಪೊಸಿಟರಿಯ (ಕೋಡ್ ಭಂಡಾರದ) ಒಳಗೆ ಇನ್ನೊಂದನ್ನು ಸಬ್‌ಮಾಡ್ಯೂಲ್ ಅಂತ ಇಡಬಹುದು. ಅದನ್ನು ಯಾವ ಫೋಲ್ಡರ್‌ಗೆ ಇಳಿಸಬೇಕು ಅನ್ನೋದು ಒಂದು ಕಾನ್ಫಿಗ್ ಫೈಲಿನಲ್ಲಿ ಇರುತ್ತದೆ. ಕಿಡಿಗೇಡಿ ಆ ಫೋಲ್ಡರ್ ಹೆಸರಿನ ಕೊನೆಗೆ 13 ಸೇರಿಸಿ, ಕೋಟ್ಸ್ ಒಳಗೆ ಇಡುತ್ತಾನೆ. ಗಿಟ್ ಮೊದಲ ಸಲ ಓದುವಾಗ ಕೋಟ್ಸ್ ಇರುವುದರಿಂದ 13 ಉಳಿಯುತ್ತದೆ. ತಪಾಸಣೆಯೆಲ್ಲ ಈ ಹೆಸರಿನ ಮೇಲೆ ನಡೆಯುತ್ತದೆ. ಆಮೇಲೆ ಗಿಟ್ ಅದನ್ನು ತನ್ನ ಇನ್ನೊಂದು ಕಾನ್ಫಿಗ್‌ಗೆ ಬರೆಯುತ್ತದೆ, ಕೋಟ್ಸ್ ಇಲ್ಲದೆ. ಮತ್ತೆ ಓದುವಾಗ 13 ಉದುರುತ್ತದೆ. ಈಗ ಫೋಲ್ಡರ್ ಹೆಸರೇ ಬೇರೆ. ಆ ಬೇರೆ ಹೆಸರಿನಲ್ಲಿ ಅವನು ಮೊದಲೇ ಒಂದು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕಳಿಸುವ ಕೈಮರ) ಇಟ್ಟಿರುತ್ತಾನೆ. ಅದು ಹೋಗಿ ಗಿಟ್‌ನ ಹುಕ್ಸ್ ಫೋಲ್ಡರ್ ಸೇರುತ್ತದೆ. ಚೆಕ್‌ಔಟ್ (ಫೈಲ್‌ಗಳನ್ನು ಫೋಲ್ಡರ್‌ಗೆ ಇಳಿಸೋದು) ಆದಮೇಲೆ ತಾನಾಗಿ ಓಡುವ ಸ್ಕ್ರಿಪ್ಟ್‌ಗಳ ಜಾಗ ಅದು. ನೀವು ಯಾವುದೋ ಪ್ರಾಜೆಕ್ಟನ್ನು ಸಬ್‌ಮಾಡ್ಯೂಲ್ ಸಮೇತ ಕ್ಲೋನ್ (ಪೂರ್ತಿ ಕಾಪಿ) ಮಾಡಿದಿರಿ ಅಷ್ಟೇ. ಅವನ ಕೋಡ್ ನಿಮ್ಮ ಮಶೀನಿನಲ್ಲಿ ಓಡಿತು.

ಫೋಲ್ಡರ್ ಹೆಸರಿನಲ್ಲಿ 13 ಇರಲು ವಿಂಡೋಸ್ ಬಿಡುವುದಿಲ್ಲ. ಹಾಗಾಗಿ ಪೆಟ್ಟು ಬಿದ್ದದ್ದು ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ. 13ನ್ನು ದಿನವೂ ಬಳಸುವ ವಿಂಡೋಸ್ ಪಾರಾಯಿತು, ಅದನ್ನು ಬಳಸದವರು ಸಿಕ್ಕಿಕೊಂಡರು! ಜುಲೈ 8ರಂದು ಗಿಟ್ 2.50.1 ಬಂತು, ಹಳೆಯ ಸರಣಿಗಳಿಗೂ ಒಟ್ಟಿಗೇ ರಿಪೇರಿ ಬಂತು. ಆಗಸ್ಟ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು 'ನಿಜವಾಗಿ ದಾಳಿಗೆ ಬಳಕೆಯಾಗುತ್ತಿರುವ ದೋಷಗಳ' ಪಟ್ಟಿಗೆ ಸೇರಿಸಿತು. ಕೋಟ್ಸ್ ವಿಚಾರದ ರಿಪೇರಿ ಎಷ್ಟು ದೊಡ್ಡದು ಗೊತ್ತಾ? ಆ 'ಕೋಟ್ಸ್ ಬೇಕಾ' ಪರೀಕ್ಷೆಗೆ ; ಮತ್ತು # ಪಕ್ಕದಲ್ಲಿ 13 ಅನ್ನೂ ಸೇರಿಸಿದ್ದು. ಹೆಚ್ಚುಕಡಿಮೆ ಒಂದು ಸಾಲು.

ಗಿಟ್‌ನದ್ದೇ ಇನ್ನೊಂದು ಕತೆ ಇದೆ, ಇದರಲ್ಲಿ ಅಪಾಯ ಇಲ್ಲ. ವ್ಯಾಲ್ಯೂ ನಡುವಿನ ಸ್ಪೇಸ್, ಟ್ಯಾಬ್ ಎಲ್ಲ ಹೇಗಿದೆಯೋ ಹಾಗೇ ಉಳಿಯಲಿ ಅಂತ 2009ರಲ್ಲಿ ಒಂದು ತಿದ್ದುಪಡಿ ಮಾಡಿದರು. ಅದೇ ತಿದ್ದುಪಡಿಯಲ್ಲಿ ಒಂದು ದೋಷ ನುಸುಳಿ, ನಡುವಿನ ಪ್ರತಿ ಟ್ಯಾಬ್ ಒಂದೊಂದು ಸ್ಪೇಸ್ ಆಗಿಬಿಡುತ್ತಿತ್ತು. ಸರಿಯಾದದ್ದು 2024ರ ಏಪ್ರಿಲ್‌ನಲ್ಲಿ, ಆವೃತ್ತಿ 2.45ರಲ್ಲಿ. ಪ್ರಪಂಚದ ಅಷ್ಟೊಂದು ಪ್ರೋಗ್ರಾಮರ್‌ಗಳು ಬಳಸುವ ಸಾಧನದಲ್ಲಿ 15 ವರ್ಷ. ಖಾಲಿ ಜಾಗ ಅಂದರೆ ಖಾಲಿ ಅಂತ ನಾವೆಲ್ಲ ನಂಬಿರುವುದರಿಂದಲೇ ಇಂಥದ್ದು ಇಷ್ಟು ದಿನ ಬಚಾವಾಗುತ್ತದೆ.

ಕೋಟ್ಸ್ ಹಾಕದಿದ್ದರೆ ಆಗುವ ಭದ್ರತಾ ಸಮಸ್ಯೆ ವಿಂಡೋಸ್‌ನಲ್ಲೂ ಹಳೆಯದೇ. ದೋಷಗಳ ಬಗೆಗಳ ಪಟ್ಟಿಯಲ್ಲಿ ಅದಕ್ಕೆ ಸಿಡಬ್ಲ್ಯುಇ-428 ಅಂತ ಪ್ರತ್ಯೇಕ ಸಂಖ್ಯೆಯೇ ಇದೆ. ಒಂದು ಸರ್ವಿಸ್‌ನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿನ) ಪಾತ್, ಅಂದರೆ ಫೈಲ್ ಇರುವ ದಾರಿ, ವಿಂಡೋಸ್‌ನ ಸೆಟ್ಟಿಂಗ್ ಭಂಡಾರವಾದ ರಿಜಿಸ್ಟ್ರಿಯಲ್ಲಿ ಕೋಟ್ಸ್ ಇಲ್ಲದೆ ಇದೆ ಅಂದುಕೊಳ್ಳಿ, ಪಾತ್ ಶುರುವಾಗುವುದು 'ಸಿ:\ಪ್ರೋಗ್ರಾಮ್ ಫೈಲ್ಸ್' ಅಂತ. ನಡುವೆ ಸ್ಪೇಸ್ ಇದೆಯಲ್ಲ, ವಿಂಡೋಸ್ ಮೊದಲು ಸಿ ಡ್ರೈವ್‌ನಲ್ಲಿ 'ಪ್ರೋಗ್ರಾಮ್' ಅನ್ನೋ ಇಎಕ್ಸ್‌ಇ ಫೈಲ್ ಇದೆಯಾ ಅಂತ ನೋಡುತ್ತದೆ. ಯಾರಾದರೂ ಅಲ್ಲಿ ಆ ಹೆಸರಿನ ಫೈಲ್ ಇಡಲು ಸಾಧ್ಯವಾದರೆ ಸರ್ವಿಸ್ ಬದಲು ಅದೇ ಓಡುತ್ತದೆ, ಅದೂ ಸರ್ವಿಸ್‌ಗಿರುವ ಅಧಿಕಾರದಲ್ಲಿ.

ಯಾಮಲ್ ಅನ್ನೋ ಇನ್ನೊಂದು ಕಾನ್ಫಿಗ್ ಶೈಲಿಯಲ್ಲಿ ಕೋಟ್ಸ್‌ಗೆ ಇನ್ನೊಂದು ಕೆಲಸವೂ ಇದೆ. ಅಲ್ಲಿ ಕೋಟ್ಸ್ ವ್ಯಾಲ್ಯೂವಿನ ಗಡಿ ಜೊತೆ ಜಾತಿಯನ್ನೂ ಹೇಳುತ್ತದೆ. ಕೋಟ್ಸ್ ಇದ್ದರೆ ಅದು ಪಠ್ಯ. ಇಲ್ಲದಿದ್ದರೆ ಯಾಮಲ್ ತಾನೇ ಊಹೆ ಮಾಡುತ್ತದೆ. ನಾರ್ವೆ ದೇಶದ ಎರಡಕ್ಷರದ ಕೋಡ್ ಇಂಗ್ಲಿಷಿನ 'ನೋ' ಆಗಿರುವುದರಿಂದ ಯಾಮಲ್ 1.1 ಅದನ್ನು 'ಇಲ್ಲ' ಅಂತ ಓದಿ ದೇಶವನ್ನೇ ಸುಳ್ಳು ಮಾಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ನಮ್ಮ ಕಡೆಯ ಉದಾಹರಣೆ ಎಸ್‌ಟಿಡಿ ಕೋಡ್‌ಗಳಲ್ಲಿದೆ. ದೆಹಲಿಯ 011 ಅನ್ನು ಕೋಟ್ಸ್ ಇಲ್ಲದೆ ಬರೆದರೆ ಯಾಮಲ್ 1.1ರ ಪ್ರಕಾರ ಅದು 9. ಸೊನ್ನೆಯಿಂದ ಶುರುವಾದರೆ ಎಂಟರ ಲೆಕ್ಕ ಅಂತ ಅದರ ತಿಳುವಳಿಕೆ. ಚೆನ್ನೈನ 044 ಆಗುವುದು 36. ಮುಂಬೈನ 022 ಆಗುವುದು 18. ಬೆಂಗಳೂರಿನ 080 ಮಾತ್ರ ಪಾರು! ಎಂಟರ ಲೆಕ್ಕದಲ್ಲಿ 8 ಅನ್ನೋ ಅಂಕಿಯೇ ಇಲ್ಲ, ಹಾಗಾಗಿ ಪೈಥಾನ್‌ನ ಪೈಯಾಮಲ್ ಲೈಬ್ರರಿ ಅದನ್ನು ಸಂಖ್ಯೆ ಅಂತ ಒಪ್ಪದೆ ಪಠ್ಯವಾಗಿಯೇ ಬಿಡುತ್ತದೆ. ಮೈಸೂರಿನ 0821, ಮಂಗಳೂರಿನ 0824 ಕೂಡ ಇದೇ ಕಾರಣಕ್ಕೆ ಬಚಾವ್. ಖುಷಿ ಪಡಬೇಡಿ. ಯಾಮಲ್ 1.2ರ ನಿಯಮ ಪಾಲಿಸುವ ಪಾರ್ಸರ್‌ಗೆ ಅದೇ ಫೈಲ್ ಕೊಟ್ಟರೆ 080 ಅನ್ನೋದು 80 ಆಗುತ್ತದೆ. ಅಂದರೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ ಪಾಸಾದ ಫೈಲ್ ದೆಹಲಿ ಶಾಖೆ ಸೇರಿಸಿದ ದಿನ ಕೈಕೊಡಬಹುದು, ಅಥವಾ ಲೈಬ್ರರಿ ಬದಲಿಸಿದ ದಿನ.

ಪೈಥಾನ್ 3.10 ಬಂದಾಗಲೂ ಇದೇ ಪಾಡು. ಕೋಟ್ಸ್ ಇಲ್ಲದ 3.10 ಯಾಮಲ್‌ಗೆ ದಶಮಾಂಶ ಸಂಖ್ಯೆ, ಅಂದರೆ 3.1. ಪೋರ್ಟ್ ಜೋಡಿ 22:22 ಅಂತ ಬರೆದರೆ 1.1 ಅದನ್ನು ಗಂಟೆ ನಿಮಿಷದ ಥರ ಅರವತ್ತರ ಲೆಕ್ಕದಲ್ಲಿ ಓದಿ 1342 ಮಾಡುತ್ತದೆ. ಯಾಮಲ್‌ನಲ್ಲಿ ನಾನು ಪಠ್ಯ ಅನ್ನಿಸಿದ್ದಕ್ಕೆಲ್ಲ ಕೋಟ್ಸ್ ಹಾಕುತ್ತೇನೆ. ಚೆಂದ ಕೆಡುತ್ತೆ ಅಂತ ಕೆಲವರು ತಕರಾರು ಮಾಡುತ್ತಾರೆ, ಮಾಡಲಿ. ಸಿಂಗಲ್ ಕೋಟ್ಸ್‌ನಲ್ಲಿ ಬರೆದದ್ದು ಬರೆದ ಹಾಗೇ ಇರುತ್ತದೆ, ಡಬಲ್ ಕೋಟ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್‌ಗೆ ಅರ್ಥ ಬರುತ್ತದೆ ಅನ್ನೋದೊಂದು ನೆನಪಿದ್ದರೆ ಸಾಕು. ವಿಂಡೋಸ್ ಪಾತ್ ಒಂದರಲ್ಲಿ 'ನ್ಯೂ' ಅನ್ನೋ ಫೋಲ್ಡರ್ ಬಂದು, ಅದನ್ನು ಡಬಲ್ ಕೋಟ್ಸ್‌ಗೆ ಹಾಕಿದರೆ ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಸೇರಿ ಹೊಸ ಸಾಲಾಗುತ್ತದೆ. ಪಾತ್ ನಡು ಮುರಿದುಕೊಳ್ಳುತ್ತದೆ.

ಇನ್ನು ಕಾಣದ ಅಕ್ಷರಗಳು. ಕೀಲಿಮಣೆಯ ನೇರ ಕೋಟ್ ಸಂಖ್ಯೆ 34. ವರ್ಡ್ ಥರದ ಪ್ರೋಗ್ರಾಮ್‌ಗಳು ಮತ್ತು ಕೆಲವು ಫೋನ್‌ಗಳು ಅದನ್ನು ಬಾಗಿದ ಕೋಟ್ ಮಾಡಿ ಸುಂದರಗೊಳಿಸುತ್ತವೆ, ಅವು 8220 ಮತ್ತು 8221. ಪಾರ್ಸರ್‌ಗೆ ಅವು ಕೋಟ್ಸ್ ಅಲ್ಲವೇ ಅಲ್ಲ, ಬೇರೆ ಯಾವುದೋ ಅಕ್ಷರ. ಯಾರೋ ವರ್ಡ್ ಫೈಲಿನಲ್ಲಿ ಕಳಿಸಿದ ಸೂಚನೆಯಿಂದ ಕಾನ್ಫಿಗ್ ಸಾಲನ್ನು ಕಾಪಿ ಮಾಡುವವರು ಇಲ್ಲೇ ಬೀಳುತ್ತಾರೆ. ವೆಬ್ ಪುಟದಿಂದ ಬರುವ ಮುರಿಯದ ಸ್ಪೇಸ್ ಇನ್ನೊಂದು, ಸಂಖ್ಯೆ 160. ತುದಿಯ ಖಾಲಿ ಜಾಗ ಕತ್ತರಿಸುವ ಪೈಥಾನ್‌ನ ಸ್ಟ್ರಿಪ್ ಅದನ್ನು ತೆಗೆಯುತ್ತದೆ, ಜಾವಾಸ್ಕ್ರಿಪ್ಟ್‌ನ ಟ್ರಿಮ್ ತೆಗೆಯುತ್ತದೆ. ಜಾವಾದ ಟ್ರಿಮ್ ತೆಗೆಯುವುದಿಲ್ಲ, ಜಾವಾ 11ರಲ್ಲಿ ಹೊಸದಾಗಿ ಬಂದ ಸ್ಟ್ರಿಪ್ ಕೂಡ ತೆಗೆಯುವುದಿಲ್ಲ. ಖಾಲಿ ಜಾಗ ಅಂದರೆ ಯಾವುದು ಅನ್ನೋದರಲ್ಲೇ ಭಾಷೆಗಳಿಗೆ ಒಮ್ಮತ ಇಲ್ಲ.

ಕನ್ನಡದಲ್ಲಿ ವ್ಯಾಲ್ಯೂ ಬರೆಯುವವರಿಗೆ ಇದರ ಮೇಲೆ ಇನ್ನೊಂದು ಭೂತ ಇದೆ. 'ಬ್ಯಾಂಕ್‌ನಲ್ಲಿ' ಅಂತ ಬರೆಯುವಾಗ ಕ್ ಮತ್ತು ನ ಒತ್ತಾಗಿ ಸೇರದಿರಲಿ ಅಂತ ನಡುವೆ ಒಂದು ಅಗಲವಿಲ್ಲದ ಅಕ್ಷರ ಕೂರುತ್ತದೆ, ಸಂಖ್ಯೆ 8204. ಈಗ ಆ ಪದವನ್ನು ಕಾಪಿ ಮಾಡಿ, 'ನಲ್ಲಿ'ಯನ್ನು ಅಳಿಸಿ. ಪರದೆ ಮೇಲೆ 'ಬ್ಯಾಂಕ್' ಅಂತಲೇ ಕಾಣುತ್ತದೆ. ಆದರೆ 8204 ಅಲ್ಲೇ ಕೂತಿರುವ ಸಾಧ್ಯತೆ ಇದೆ. ಕೀಲಿಮಣೆಯಲ್ಲಿ ನೇರವಾಗಿ ಬರೆದ 'ಬ್ಯಾಂಕ್' ಜೊತೆ ಹೋಲಿಸಿದರೆ ಎರಡೂ ಬೇರೆ ಬೇರೆ. ಮೇಲೆ ಹೇಳಿದ ಟ್ರಿಮ್, ಸ್ಟ್ರಿಪ್ ಯಾವುದೂ ಇದನ್ನು ತೆಗೆಯುವುದಿಲ್ಲ, ತೆಗೆಯಲೂಬಾರದು. ಪದದ ನಡುವೆ ನಮಗೆ ಅದು ಬೇಕಾದ ಅಕ್ಷರವೇ.

ಇಂಥದ್ದನ್ನು ಹಿಡಿಯೋದಕ್ಕೆ ಲಿನಕ್ಸ್‌ನಲ್ಲಿ ಕ್ಯಾಟ್ ಕಮಾಂಡಿಗೆ ದೊಡ್ಡಕ್ಷರದ ಎ ಆಪ್ಷನ್ ಕೊಡಬಹುದು. ಸಾಲು ಎಲ್ಲಿ ಮುಗಿಯಿತೋ ಅಲ್ಲಿ $ ಕಾಣುತ್ತದೆ, 13 ಇದ್ದರೆ ಟೋಪಿ ಗುರುತಿನ ಜೊತೆ ಎಂ ಕಾಣುತ್ತದೆ. ಫೈಲಿನಲ್ಲಿ ಕನ್ನಡ ಇದ್ದರೆ ಮಾತ್ರ ಪರದೆ ತುಂಬ ಕಸ ಬರುತ್ತದೆ, ಆಗ ಅಕ್ಷರಗಳ ಸಂಖ್ಯೆ ತೋರಿಸುವ ಎಡಿಟರೇ ವಾಸಿ.

ನನಗೆ ಕೇಳಿದರೆ ತಪ್ಪು ಹೆಚ್ಚಾಗಿ ಪಾರ್ಸರ್ ಬರೆಯುವವರ ದಾಕ್ಷಿಣ್ಯದಲ್ಲಿದೆ. ಬಳಸುವವನು ಪಾಪ ಸ್ಪೇಸ್ ಬಿಟ್ಟಿದ್ದಾನೆ, ತೆಗೆದುಬಿಡೋಣ. ಕೋಟ್ಸ್ ಮರೆತಿದ್ದಾನೆ, ಊಹಿಸೋಣ. ಇದು ಆ ಕ್ಷಣಕ್ಕೆ ಉಪಕಾರ. ಟಾಮಲ್ ಹಾಗೆ ಮಾಡುವುದಿಲ್ಲ, ಪಠ್ಯಕ್ಕೆ ಕೋಟ್ಸ್ ಇಲ್ಲದಿದ್ದರೆ ಫೈಲನ್ನೇ ಒಪ್ಪುವುದಿಲ್ಲ. ಜೇಸನ್ ಅನ್ನೋ ಶೈಲಿ ಇನ್ನೂ ಬಿಗಿ, ಅಲ್ಲಿ ಸಿಂಗಲ್ ಕೋಟ್ಸ್‌ಗೂ ಜಾಗವಿಲ್ಲ. ಕಾಮೆಂಟ್‌ಗೂ ಇಲ್ಲ, ಅದೊಂದೇ ಕಾನ್ಫಿಗ್ ವಿಚಾರದಲ್ಲಿ ಅದರ ಕೊರತೆ. ಬೆಳಿಗ್ಗೆ ಹತ್ತು ಗಂಟೆಗೆ ಬೈಸಿಕೊಂಡರೂ ಪರವಾಗಿಲ್ಲ, ರಾತ್ರಿ ಹತ್ತಕ್ಕೆ ಉದ್ದ ಎಣಿಸುವುದು ಬೇಡ. ಫೈಲ್ ಓದುವ ಜೊತೆ ಬರೆಯುವ ಸಾಧನವನ್ನೂ ಮಾಡುವವರಿಗೆ ಒಂದು ಪರೀಕ್ಷೆ ಸಾಕು. ಮೊದಲಲ್ಲಿ, ಕೊನೆಯಲ್ಲಿ, ನಡುವೆ ಎಲ್ಲ ಬಗೆಯ ಖಾಲಿ ಅಕ್ಷರ ಹಾಕಿದ ವ್ಯಾಲ್ಯೂ ಬರೆಸಿ, ಓದಿಸಿ, ಅದೇ ಬಂತಾ ನೋಡಿ. ಗಿಟ್‌ನ ತೂತು ಈ ಪರೀಕ್ಷೆಯಲ್ಲಿ ಸಿಗುವಂಥದ್ದು. ತಪ್ಪು ಸಂದೇಶ ತೋರಿಸುವಾಗ ವ್ಯಾಲ್ಯೂ ಅಕ್ಕಪಕ್ಕ ಬ್ರಾಕೆಟ್ ಹಾಕಿ, ಗುಟ್ಟಾದರೆ ಉದ್ದವನ್ನಾದರೂ ತೋರಿಸಿ.

ನನ್ನ 14 ಅಕ್ಷರದ ಕತೆ ಹೇಗೆ ಮುಗಿಯಿತು ಅಂತ ಹೇಳಲಿಲ್ಲ. ಕೋಟ್ಸ್ ತೆಗೆದೆ, ಸರ್ವರ್ ಸರಿಯಾಯಿತು, ಲ್ಯಾಪ್‌ಟಾಪ್ ಕೆಟ್ಟಿತು. & ಅಲ್ಲೇ ಇತ್ತಲ್ಲ. ಬ್ಯಾಕ್‌ಸ್ಲ್ಯಾಶ್ ಹಾಕಿದೆ, ಲ್ಯಾಪ್‌ಟಾಪ್ ಸರಿಯಾಯಿತು, ಸರ್ವರ್‌ನಲ್ಲಿ ಉದ್ದ 13 ಆಯಿತು. ಇಬ್ಬರು ಓದುಗರೂ ಒಂದೇ ಥರ ಓದುವ ಸಾಲು ಆ ಪಾಸ್‌ವರ್ಡ್‌ಗೆ ಇರಲೇ ಇಲ್ಲ. ಮತ್ತೆ ಗೆಳೆಯನಿಗೆ ಫೋನ್ ಮಾಡಿ, ಬರೀ ಇಂಗ್ಲಿಷ್ ಅಕ್ಷರ, ಅಂಕಿ ಇರುವ 24 ಉದ್ದದ ಹೊಸ ಪಾಸ್‌ವರ್ಡ್ ಕೊಡು ಅಂದೆ. "ನಾನ್ ಆಗ್ಲೇ ಹೇಳ್ಲಿಲ್ವಾ ನಮ್ ಕಡೆ ಸರಿ ಇದೆ ಅಂತ" ಅಂದು ಕೊಟ್ಟ. ಈಗಲೂ ಅದೇ ಓಡುತ್ತಿದೆ, ಕೋಟ್ಸ್ ಇಲ್ಲದೆ.